ಟೊಂಟೊ ಕೇಳಿದ ಲೆಕ್ಕ

ನಗುವಿನ ಬಗ್ಗೆ ನಮ್ಮ ವಿಮರ್ಶಕರು ಬರೆಯುವುದು ಕಡಿಮೆ. ದುಃಖಕ್ಕೆ ತತ್ವವಿದೆ, ಗಾಂಭೀರ್ಯವಿದೆ, ವಿಚಾರ ಸಂಕಿರಣವಿದೆ. ನಗು ಅಂದರೆ ಊಟವಾದ ಮೇಲಿನ ಎಲೆ ಅಡಿಕೆ ಎಂದು ಅವರು ತಿಳಿದ ಹಾಗಿದೆ. ನಾವು ಹಾಗೆ ತಿಳಿಯುವಂತಿಲ್ಲ. ಕಟ್ಟೆಯ ಮೇಲೆ ಕೂತವರು ಕೆಳಗೆ ನಿಂತವನ ಮಾತನ್ನು ಅಣಕಿಸಿ ನಕ್ಕಾಗ ಆ ನಿಂತವನ ಮುಖ ಹೇಗಾಗುತ್ತದೆ ಎಂಬುದನ್ನು ನಮ್ಮ ಅಪ್ಪಂದಿರ ಮುಖದಲ್ಲೇ ನೋಡಿ ಬೆಳೆದವರು ನಾವು. ಆದ್ದರಿಂದ ಯಾರಾದರೂ ‘ಇದು ಬರೀ ತಮಾಷಿ, ಮನಸಿಗಿ ಹಚ್ಕೋಬ್ಯಾಡ್ರಿ’ ಅಂದ ಕೂಡಲೆ ನಮಗೆ ಎಚ್ಚರವಾಗುತ್ತದೆ. ತಮಾಷೆ ಯಾರದು, ಯಾರ ಮೇಲಿನದು ಎಂದು ಕೇಳಬೇಕೆನಿಸುತ್ತದೆ.

ಈ ಸಲ ಆ ಪ್ರಶ್ನೆ ಎದ್ದದ್ದು ದೂರದ ಅಮೆರಿಕದ ಒಂದು ನಗೆನಾಟಕದಿಂದ. ಸುಲೇಪೇಟದಲ್ಲಿ ತೊಗರಿ ರಾಶಿ ಮುಗಿದ ಮೇಲಿನ ಬಿಡುವಿನಲ್ಲಿ ನಾವು ಏಳೆಂಟು ಮಂದಿ ಕೂಡಿದ್ದೆವು. ಇಬ್ಬರು ಮಾಸ್ತರರು, ಸೇಡಮ್ಮಿಗೆ ಕಾಲೇಜಿಗೆ ಹೋಗುವ ಹುಡುಗರು, ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ದುಡಿದು ಈಗ ಊರಿಗೆ ಬಂದು ಕೂತಿರುವ ಒಬ್ಬ ಹಿರಿಯರು. ಹುಡುಗನೊಬ್ಬ ಮೊಬೈಲಿನಲ್ಲಿ ಆ ನಾಟಕ ಹಚ್ಚಿದ. ಹೆಸರು ‘ಸ್ಪಾರ್ಕ್ಸ್ ನೆವಾಡಾ’. ಮಂಗಳ ಗ್ರಹದಲ್ಲಿ ಕಾನೂನು ಕಾಯುವ ಕೆಲಸಕ್ಕೆ ನಿಂತ ಭೂಮಿಯ ಮನುಷ್ಯನೊಬ್ಬನ ಸಾಹಸಗಳು. ನೋಡಲಿಕ್ಕೆ ಏನೂ ಇಲ್ಲ, ಬರೀ ಕೇಳುವುದು. ಹಳೆಯ ಕಾಲದ ರೇಡಿಯೊ ಸಾಹಸ ಧಾರಾವಾಹಿಗಳ ಅಣಕ ಅದು. ಇಂಗ್ಲಿಷು ಬಲ್ಲ ಹುಡುಗ ನಡುನಡುವೆ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಎಲ್ಲರೂ ನಕ್ಕೆವು. ಖಣಿಯ ಹಿರಿಯರು ಮಾತ್ರ ನಗಲಿಲ್ಲ. ಆ ನಾಟಕದಲ್ಲಿ ನಾಯಕನ ಬೆನ್ನ ಹಿಂದೆ ಮಂಗಳ ಗ್ರಹದವನೇ ಆದ ಕ್ರೋಚ್ ಎಂಬ ಸಂಗಾತಿ ಇದ್ದಾನೆ. ನಾಯಕ ಅವನ ಜೀವ ಉಳಿಸಿದ್ದಾನೆ. ಅದರಿಂದ ಅವನು ನಾಯಕನ ಋಣದಲ್ಲಿದ್ದಾನೆ. ಋಣ ತೀರುವ ತನಕ ಬಿಟ್ಟು ಹೋಗುವಂತಿಲ್ಲ. ಇಷ್ಟು ಕೇಳಿದ ಮೇಲೆ ಹಿರಿಯರು ಕೇಳಿದರು: ‘ಅವನ ಸಾಲದ ಚೀಟಿ ಯಾರ ಬಲ್ಲಿ ಅದರಿ ಸರ?’

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಕುತ್ತ ಹೋದಾಗ ಆ ಚೀಟಿ ಬಹಳ ಹಳೆಯದು ಎಂದು ಗೊತ್ತಾಯಿತು.

ಅಣಕ ತಿಳಿಯಬೇಕಾದರೆ ಅಸಲು ಗೊತ್ತಿರಬೇಕು. 1930ರ ದಶಕದ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ್ದವು, ದುಡಿಯುವವರಿಗೆ ಕೆಲಸವಿರಲಿಲ್ಲ, ಮನೆಯಲ್ಲಿ ಕೂತು ಕೇಳಲು ರೇಡಿಯೊ ಇತ್ತು. 1933ರ ಜನವರಿ ಕೊನೆಗೆ ಡೆಟ್ರಾಯಿಟ್ ನಗರದ ಒಂದು ಕೇಂದ್ರದಿಂದ ‘ಲೋನ್ ರೇಂಜರ್’ ಎಂಬ ಧಾರಾವಾಹಿ ಶುರುವಾಯಿತು. ಕೇಂದ್ರದ ಮಾಲೀಕ ಜಾರ್ಜ್ ಟ್ರೆಂಡಲ್, ಬರೆಯುತ್ತಿದ್ದವನು ಫ್ರಾನ್ ಸ್ಟ್ರೈಕರ್. 1954ರ ತನಕ, ವಾರಕ್ಕೆ ಮೂರು ಸಂಜೆಯಂತೆ, ಸುಮಾರು 3000 ಕಂತು ನಡೆಯಿತು. ನಾಯಕನಿಗೆ ಮುಖವಾಡ, ಬೆಳ್ಳಿಯ ಗುಂಡು, ಬಿಳಿಯ ಕುದುರೆ. ಕುದುರೆಯ ಗೊರಸಿನ ಸದ್ದು ಸ್ಟುಡಿಯೋದಲ್ಲಿ ಉಸುಕಿನ ಮೇಲೆ ರಬ್ಬರ್ ಬಟ್ಟಲು ಬಡಿದು ಬರುತ್ತಿತ್ತು. ಬ್ರೆಡ್ ಮಾರುವ ಕಂಪನಿ ದುಡ್ಡು ಕೊಡುತ್ತಿತ್ತು. ಪಶ್ಚಿಮದ ಬಯಲುಗಳಲ್ಲಿ ಕಳ್ಳರನ್ನು ಹಿಡಿಯುತ್ತ, ಯಾರ ಧನ್ಯವಾದವನ್ನೂ ಕಾಯದೆ ಹೊರಟುಹೋಗುವ ವೀರ. ‘ಲೋನ್’ ಅಂದರೆ ಒಂಟಿ. ಆದರೆ ಅವನು ಒಂದು ದಿನವೂ ಒಂಟಿಯಾಗಿರಲಿಲ್ಲ. ಜೊತೆಗೆ ಟೊಂಟೊ ಇದ್ದ. ಆ ನೆಲದ ಮೂಲನಿವಾಸಿ, ಅವರು ‘ಇಂಡಿಯನ್’ ಎಂದು ಕರೆಯುತ್ತಿದ್ದ ಜನದವನು. ಎರಡು ಜನರಿದ್ದಾಗ ಒಬ್ಬನನ್ನು ‘ಒಂಟಿ’ ಎಂದು ಕರೆಯಬೇಕಾದರೆ ಇನ್ನೊಬ್ಬನನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಗಣಿತ ನಮಗೆ ಹೊಸದಲ್ಲ. ‘ಗೌಡ್ರು ಒಬ್ರೇ ಹೊಲಕ್ಕ ಹೋಗ್ಯಾರ’ ಅನ್ನುವಾಗ ಹಿಂದೆ ಬುತ್ತಿ ಹೊತ್ತುಕೊಂಡು ಹೋದ ಆಳು ಲೆಕ್ಕದಲ್ಲಿ ಬರುವುದಿಲ್ಲ.

ಈ ಟೊಂಟೊ ಮೊದಲ ಕಂತುಗಳಲ್ಲಿ ಇರಲೇ ಇಲ್ಲ. ಹತ್ತು ಕಂತು ದಾಟಿದ ಮೇಲೆ ಬಂದ. ಯಾಕೆ ಬಂದ? ರೇಡಿಯೊದಲ್ಲಿ ಒಂಟಿ ವೀರ ಬಾಯಿ ಬಿಟ್ಟು ಮಾತಾಡದಿದ್ದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ತನ್ನಷ್ಟಕ್ಕೆ ಮಾತಾಡಿಕೊಂಡರೆ ಹುಚ್ಚನಂತೆ ಕಾಣುತ್ತಾನೆ. ಮಾತು ಕೇಳಲಿಕ್ಕೆ ಒಬ್ಬ ಬೇಕಿತ್ತು. ಹೀಗೆ ಹುಟ್ಟಿದವನು ಟೊಂಟೊ, ಕೇಳುವ ಕೆಲಸದ ಆಳು. ಸ್ಪ್ಯಾನಿಷ್ ಭಾಷೆಯಲ್ಲಿ ‘ಟೊಂಟೊ’ ಅಂದರೆ ದಡ್ಡ. ಸ್ಪ್ಯಾನಿಷ್ ಮಾತಾಡುವ ದೇಶಗಳಿಗೆ ಈ ಕತೆ ಹೋದಾಗ ನಾಚಿಕೆಯಾಗಿ ಹೆಸರನ್ನು ‘ಟೋರೊ’ ಎಂದು ಬದಲಾಯಿಸಿಕೊಂಡರು. ಅವನು ನಾಯಕನನ್ನು ಕರೆಯುತ್ತಿದ್ದ ‘ಕೀಮೊಸಾಬಿ’ ಎಂಬ ಆದರದ ಮಾತೂ ನಿರ್ದೇಶಕನ ಮಾವ ನಡೆಸುತ್ತಿದ್ದ ಹುಡುಗರ ಬೇಸಿಗೆ ಶಿಬಿರದ ಹೆಸರಿನಿಂದ ಬಂದದ್ದು. ನಾಯಕ ಶುದ್ಧ ವ್ಯಾಕರಣದ ಇಂಗ್ಲಿಷೇ ಆಡಬೇಕು, ಬೀದಿಮಾತು ಬಳಸಬಾರದು ಎಂದು ಮಾಲೀಕರು ಕಟ್ಟಳೆ ಮಾಡಿದ್ದರು. ಟೊಂಟೊಗೆ ಇಪ್ಪತ್ತೊಂದು ವರ್ಷ ಮುರಿದ ಇಂಗ್ಲಿಷೇ. ಅಷ್ಟು ವರ್ಷ ಶುದ್ಧ ವ್ಯಾಕರಣ ಕೇಳಿಯೂ ಅವನಿಗೆ ಒಂದು ವಾಕ್ಯ ನೆಟ್ಟಗೆ ಬರಲಿಲ್ಲವೆಂದರೆ ದಡ್ಡ ಯಾರು, ಕಲಿಯಗೊಡದವರು ಯಾರು?

ಆ ಮುರಿದ ಮಾತು ಆಡುತ್ತಿದ್ದವನಾದರೂ ಯಾರು? ಜಾನ್ ಟಾಡ್ ಎಂಬ ವಯಸ್ಸಾದ ಬಿಳಿಯ ರಂಗನಟ. ರೇಡಿಯೊದ ಗುಟ್ಟು ಇಲ್ಲಿದೆ. ಮುಖ ಕಾಣುವುದಿಲ್ಲವಾದ್ದರಿಂದ ಯಾರ ದನಿಯನ್ನು ಯಾರು ಬೇಕಾದರೂ ಕದಿಯಬಹುದು. ಅದೇ ದೇಶದಲ್ಲಿ 1928ರಿಂದ ‘ಏಮಸ್ ಆಂಡ್ ಆಂಡಿ’ ಎಂಬ ಕಾರ್ಯಕ್ರಮದಲ್ಲಿ ಇಬ್ಬರು ಬಿಳಿಯರು ಕರಿಯರ ದನಿ ತೆಗೆದು ದೇಶವನ್ನೆಲ್ಲ ನಗಿಸಿದರು. 1931ರಲ್ಲಿ ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕರಿಯರ ಪತ್ರಿಕೆ ಅದರ ವಿರುದ್ಧ ಸಹಿ ಸಂಗ್ರಹ ನಡೆಸಿತು. ಕಾರ್ಯಕ್ರಮ ನಿಲ್ಲಲಿಲ್ಲ. ನಗುವವರು ಲಕ್ಷಗಟ್ಟಲೆ ಇದ್ದಾಗ ನೋವಾದವರ ಸಹಿ ಯಾರು ಓದುತ್ತಾರೆ?

ದನಿಗೆ ಮೈಲಿಗೆ ಇಲ್ಲ ಎಂದು ನಮ್ಮಲ್ಲೂ ರೇಡಿಯೊ ಬಂದ ಕಾಲಕ್ಕೆ ಕೆಲವರು ಸಂತೋಷಪಟ್ಟಿದ್ದರು. ನಮ್ಮ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ ಕೇಳಿಸುತ್ತಿದ್ದದ್ದು ಹೈದರಾಬಾದಿನ ಡೆಕ್ಕನ್ ರೇಡಿಯೊ. 1948ರ ಸೆಪ್ಟೆಂಬರಿನಲ್ಲಿ ನಿಜಾಮ ಶರಣಾದ ಸುದ್ದಿಯನ್ನೂ ಅದೇ ಹೇಳಿತು. ಕಲಬುರಗಿಯಲ್ಲಿ ಆಕಾಶವಾಣಿ ಬಂದದ್ದು 1966ರಲ್ಲಿ. ರೇಡಿಯೊದ ದನಿ ಚಾವಡಿಯಿಂದ ಹೊರಟು ಕೇರಿಯ ತನಕ ಅಡ್ಡಿಯಿಲ್ಲದೆ ಬರುತ್ತಿತ್ತು, ಖರೇ. ಆದರೆ ಪೆಟ್ಟಿಗೆ ಇದ್ದದ್ದು ಚಾವಡಿಯಲ್ಲಿ, ಗುಂಡಿ ತಿರುವುವ ಕೈ ಚಾವಡಿಯವರದು. ನಮ್ಮವರು ಅಂಗಳದಾಚೆ ನಿಂತು ಕೇಳಿದವರು. ಮುಂದೆ ಪೆಟ್ಟಿಗೆ ಸೋವಿಯಾಗಿ ನಮ್ಮ ಗುಡಿಸಲಿಗೂ ಬಂತು. ವಿವಿಧ ಭಾರತಿಯ ಪತ್ತೇದಾರಿ ‘ಇನ್ಸ್‌ಪೆಕ್ಟರ್ ಈಗಲ್’ನ ಹಿಂದಿ ಅರ್ಧ ತಿಳಿದು ಅರ್ಧ ತಿಳಿಯದೆ ಬಾಯಿ ತೆರೆದು ಕೇಳಿದವರು ನಮ್ಮ ನಡುವೆ ಈಗಲೂ ಇದ್ದಾರೆ.

ಇನ್ನು ಕೇಳುವ ಆಳಿನ ಮಾತಿಗೆ ಬರೋಣ. ಅವನು ನಮ್ಮ ಬಯಲಾಟದಲ್ಲಿ ರೇಡಿಯೊ ಹುಟ್ಟುವುದಕ್ಕೂ ಎಷ್ಟೋ ಮುಂಚೆಯಿಂದ ಇದ್ದಾನೆ. ದೊಡ್ಡಾಟದ ಸಾರಥಿ ಅವನೇ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ರಂಗಕ್ಕೆ ಬರುತ್ತಾನೆ. ಬಂದವನೇ ತಾನು ಯಾರೆಂದು ಹೇಳುವುದು ಹೇಗೆ? ಸಾರಥಿ ಕೇಳಬೇಕು: ತಾವು ಯಾರು, ತಮ್ಮ ಊರು ಯಾವುದು, ಬಂದ ಕಾರಣವೇನು? ಆಗ ರಾಜ ಸಾರಥಿಯನ್ನು ಕರೆದು ಕರೆದು ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಟೊಂಟೊನ ಕೆಲಸವೂ ಇದೇ. ವೀರನ ಎದುರು ಕೇಳುವವನೊಬ್ಬ ನಿಲ್ಲದಿದ್ದರೆ ವೀರ ಬಾಯಿಲ್ಲದವನು. ಆದರೆ ನಮ್ಮ ಸಾರಥಿ ಬರೀ ‘ಹೌದು ಮಹಾರಾಜ’ ಅನ್ನುವ ಗಿರಾಕಿ ಅಲ್ಲ. ರಾಜ ಮೂರು ಲೋಕ ಗೆದ್ದೆ ಅಂದರೆ, ಮೂರು ಲೋಕ ಗೆದ್ದವರು ನಮ್ಮೂರ ರಸ್ತಾ ಯಾಕ ಮಾಡಿಸಲಿಲ್ಲರಿ ಎಂದು ಕೇಳುತ್ತಾನೆ. ರೇಷನ್ ಅಂಗಡಿಯ ತೂಕ, ಸಾಹುಕಾರನ ಬಡ್ಡಿ, ಚುನಾವಣೆಯಲ್ಲಿ ಬಂದು ಹೋದವರ ಮಾತು, ಎಲ್ಲವೂ ಸಾರಥಿಯ ಬಾಯಲ್ಲಿ ಪುರಾಣದ ನಡುವೆ ನುಗ್ಗುತ್ತವೆ. ಜನ ಕಾಯುವುದು ಅದಕ್ಕಾಗಿಯೇ. ರಾಜನ ಮಾತು ಬರೆದ ಪ್ರತಿಯಲ್ಲಿದೆ, ಸಾರಥಿಯ ಮಾತು ಆ ರಾತ್ರಿಯದು. ಅಣಕಕ್ಕೆ ಅಂತ ಬೇರೆ ನಾಟಕ ಬರೆಯುವ ಗೋಜು ನಮ್ಮ ಜನಕ್ಕೆ ಬೀಳಲಿಲ್ಲ. ಅಸಲಿನ ಪಕ್ಕದಲ್ಲೇ ಅಣಕವನ್ನು ನಿಲ್ಲಿಸಿದ್ದರು.

(ಇದನ್ನು ಬರೆಯುವಾಗ ಹುಮ್ಮಸ್ಸಿನಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಸಾರಥಿ ಹೆಂಗಸರ ಮೇಲೆ, ಕೆಳಗಿನ ಜಾತಿಗಳ ಮೇಲೆ ಅಗ್ಗದ ನಗೆ ಎಬ್ಬಿಸಿದ್ದೂ ಉಂಟು. ನಗಿಸುವ ಬಾಯಿ ಹಸಿದಾಗ ಹತ್ತಿರ ಸಿಕ್ಕಿದ್ದನ್ನೇ ತಿನ್ನುತ್ತದೆ.)

ಹಳೆಯ ರೇಡಿಯೊ ಸಾಹಸಗಳ ಮೇಲೆ ಬಂದ ಅಣಕಗಳನ್ನು ಈ ಅಳತೆಗೋಲಿನಿಂದ ನೋಡಬೇಕು ಎಂಬುದು ನಮ್ಮ ವಾದ. ವೀರನ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸಿದರು ಎಂಬುದು ಮಿಮಿಕ್ರಿಯವರ ಲೆಕ್ಕ. ಕೇಳುವ ಆಳು ಬಾಯಿ ಬಿಟ್ಟನೋ ಇಲ್ಲವೋ, ಬಿಟ್ಟಾಗ ಏನು ಕೇಳಿದ, ಅದು ನಮ್ಮ ಲೆಕ್ಕ.

ಈ ಲೆಕ್ಕಕ್ಕೆ ಸಿಗದವು ಬಹಳ ಇವೆ. 1966ರಲ್ಲಿ ಷಿಕಾಗೊದ ರೇಡಿಯೊದಲ್ಲಿ ‘ಚಿಕನ್‌ಮ್ಯಾನ್’ ಬಂದ. ವಾರವೆಲ್ಲ ಚಪ್ಪಲಿ ಅಂಗಡಿಯಲ್ಲಿ ದುಡಿದು ರಜೆಯ ದಿನ ಕೋಳಿಯ ವೇಷ ಹಾಕಿ ಲೋಕ ಕಾಯಲು ಹೊರಡುವ ಪುಕ್ಕಲು ವೀರ. ನಗು ಬರುತ್ತದೆ, ಹೋಗುತ್ತದೆ. 1969ರಲ್ಲಿ ಫೈರ್‌ಸೈನ್ ಥಿಯೇಟರ್ ಎಂಬ ತಂಡ ‘ನಿಕ್ ಡೇಂಜರ್’ ಎಂಬ ಪತ್ತೇದಾರನನ್ನು ಧ್ವನಿಮುದ್ರಿಕೆಯಲ್ಲಿ ತಂದಿತು. ಬಾಗಿಲ ಸದ್ದು, ಹೆಜ್ಜೆಯ ಸದ್ದು, ನಡುವೆ ನುಗ್ಗುವ ಜಾಹೀರಾತು, ಹೀಗೆ ರೇಡಿಯೊದ ಉಪಕರಣಗಳನ್ನೇ ನಗೆಗೀಡು ಮಾಡಿದ ಬುದ್ಧಿವಂತರ ಆಟ ಅದು. ಜಾಣತನಕ್ಕೆ ನಮ್ಮ ತಕರಾರಿಲ್ಲ. ಆದರೆ ಜಾಣರು ಜಾಣರಿಗಾಗಿ ಮಾಡಿದ ತಮಾಷೆಯಲ್ಲಿ ಬುತ್ತಿ ಹೊತ್ತವನು ಕಾಣುವುದಿಲ್ಲ.

ಇಂಗ್ಲೆಂಡಿನ ‘ಗೂನ್ ಷೋ’ (1951–1960) ಹತ್ತಿರ ಸ್ವಲ್ಪ ನಿಲ್ಲಬೇಕು. ಅದನ್ನು ಹೆಚ್ಚಾಗಿ ಬರೆದ ಸ್ಪೈಕ್ ಮಿಲಿಗನ್ ಹುಟ್ಟಿದ್ದು 1918ರಲ್ಲಿ ನಮ್ಮ ನೆರೆಯ ಅಹಮದನಗರದಲ್ಲಿ, ಬ್ರಿಟಿಷ್ ಸೇನೆಯ ಸಿಪಾಯಿಯೊಬ್ಬನ ಮಗನಾಗಿ. ಬ್ರಿಟಿಷರ ಸಾಮ್ರಾಜ್ಯದ ಸಾಹಸಕತೆಗಳನ್ನು ಆ ಕಾರ್ಯಕ್ರಮ ಚಿಂದಿ ಮಾಡಿತು. ಅದರ ಮೇಜರ್ ಬ್ಲಡ್‌ನಾಕ್ ಭಾರತದಲ್ಲಿ ಸೇವೆ ಮಾಡಿದ ಅಧಿಕಾರಿ, ಹೇಡಿ, ಲಂಚಕೋರ. ಕೆಂಪು ಕೋಟಿನ ದರ್ಪಕ್ಕೆ ಅಷ್ಟು ಹತ್ತಿರದಿಂದ ಉಗಿದವರು ಕಡಿಮೆ. ನಾವು ಚಪ್ಪಾಳೆ ತಟ್ಟಲು ಕೈ ಎತ್ತುವಷ್ಟರಲ್ಲಿ ಲಾಲ್‌ಕಾಕಾ, ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರು ಬರುತ್ತಾರೆ. ದನಿ ಮಿಲಿಗನ್ನನದು, ಪೀಟರ್ ಸೆಲ್ಲರ್ಸ್‌ನದು. ನಮ್ಮವರ ಇಂಗ್ಲಿಷಿನ ಎಳೆತವೇ ಅಲ್ಲಿ ನಗೆ. ಮೇಲಿನವನ ದರ್ಪವನ್ನು ಗೇಲಿ ಮಾಡಿದ ಬಾಯಿಯೇ ಕೆಳಗಿನವನ ನಾಲಗೆಯನ್ನೂ ಗೇಲಿ ಮಾಡಿ ಎರಡೂ ಒಂದೇ ಅಂದುಬಿಡುತ್ತದೆ. ಎರಡೂ ಒಂದೇ ಅಲ್ಲ. ಮೇಜರನಿಗೆ ನಕ್ಕರೆ ಅವನ ಪಿಂಚಣಿ ನಿಲ್ಲುವುದಿಲ್ಲ. ಮಾತಿನ ಎಳೆತಕ್ಕೆ ನಕ್ಕರೆ ಒಬ್ಬನಿಗೆ ಕೆಲಸ ಸಿಗುವುದಿಲ್ಲ.

ಬಾಯಿ ಬಿಟ್ಟ ಆಳನ್ನು ನಾವು ಮೊದಲು ಕಂಡದ್ದು ಒಂದು ಪುಟ್ಟ ಚಿತ್ರದಲ್ಲಿ. 1958ರಲ್ಲಿ ‘ಮ್ಯಾಡ್’ ಎಂಬ ನಗೆಪತ್ರಿಕೆಯಲ್ಲಿ ಬಂದದ್ದು. ಲೋನ್ ರೇಂಜರನನ್ನೂ ಟೊಂಟೊನನ್ನೂ ಇಂಡಿಯನ್ನರು ಸುತ್ತುವರಿಯುತ್ತಾರೆ. ನಾಯಕ ತಿರುಗಿ, ನಾವು ಸಿಕ್ಕಿಬಿದ್ದೆವಲ್ಲ ಅನ್ನುತ್ತಾನೆ. ಟೊಂಟೊ ಕೇಳುತ್ತಾನೆ: ‘ನಾವು’ ಅಂದರೆ ಯಾರು? ಇಷ್ಟೇ. ಇಪ್ಪತ್ತೈದು ವರ್ಷದ ಸ್ವಾಮಿಭಕ್ತಿ ಒಂದು ಸರ್ವನಾಮದಲ್ಲಿ ಕಳಚಿ ಬಿತ್ತು.

ಈ ‘ನಾವು’ ಬಗ್ಗೆ ನಮಗೆ ಹೇಳುವುದಿದೆ, ಯಾಕೆಂದರೆ ಈ ಲೇಖನವನ್ನೂ ನಾವು ‘ನಾವು’ ಎಂದೇ ಬರೆಯುತ್ತಿದ್ದೇವೆ. ತಾಂಡೂರ ಕಡೆಯ ನಮ್ಮ ಬೀಗರು ತೆಲುಗು ಆಡುತ್ತಾರೆ. ಅವರಲ್ಲಿ ಎರಡು ‘ನಾವು’ ಇವೆ. ಎದುರಿಗಿದ್ದವನನ್ನೂ ಕೂಡಿಸಿಕೊಂಡರೆ ‘ಮನಮು’, ಅವನನ್ನು ಬಿಟ್ಟರೆ ‘ಮೇಮು’. ನಾವು ಈಗ ಆಡುವ ಕನ್ನಡದಲ್ಲಿ ಒಂದೇ ಇದೆ. ಆದ್ದರಿಂದ ಮೋಸ ಸುಲಭ. ಓಟಿನ ಮುಂದೆ ‘ನಾವೆಲ್ಲ ಒಂದೇ ಊರಿನವರು’ ಎಂಬ ‘ನಾವು’ ಕೇರಿಯ ತನಕ ಬರುತ್ತದೆ. ಬಾವಿಯ ಹತ್ತಿರ, ಗುಡಿಯ ಹತ್ತಿರ ಅದೇ ‘ನಾವು’ ಕುಗ್ಗಿ ಕುಗ್ಗಿ ನಾಲ್ಕು ಮನೆಯದಾಗುತ್ತದೆ. ಟೊಂಟೊ ಕೇಳಿದ್ದು ಮನಮು ಏನು, ಮೇಮು ಏನು ಎಂದು. ಓದುವ ಗೆಳೆಯರು ನಮ್ಮ ‘ನಾವು’ವನ್ನೂ ಹಾಗೆ ನಿಲ್ಲಿಸಿ ಕೇಳಲಿ. ಕೇರಿಯ ಹೆಣ್ಣುಮಗಳೊಬ್ಬಳು ಕೇಳಿದರೆ ನಮ್ಮಲ್ಲೂ ತಡವರಿಸುವವರು ಇದ್ದಾರೆ. ಆ ಸಂಜೆ ಕೂಡಿದ ಏಳೆಂಟು ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದನ್ನು ಇಲ್ಲೇ ಬರೆದಿಡುತ್ತೇವೆ.

ಆದರೆ ಆ ಚಿತ್ರ ಬರೆದವರು ಟೊಂಟೊನ ಜನದವರಲ್ಲ. ಖುದ್ದು ಅವನ ಜನ ಬಾಯಿ ಬಿಟ್ಟದ್ದು ಜೇ ಸಿಲ್ವರ್‌ಹೀಲ್ಸ್‌ನಿಂದ. 1949ರಲ್ಲಿ ಲೋನ್ ರೇಂಜರ್ ದೂರದರ್ಶನಕ್ಕೆ ಬಂದಾಗ ಮುಖ ತೋರಿಸಬೇಕಾಯಿತು. ಆಗ ಮೂಲನಿವಾಸಿ ನಟನೇ ಬೇಕಾದ. ಸಿಲ್ವರ್‌ಹೀಲ್ಸ್ ಕೆನಡಾದ ಸಿಕ್ಸ್ ನೇಷನ್ಸ್ ಮೀಸಲು ನೆಲದ ಮೋಹಾಕ್ ಜನದವನು, ಆಟಗಾರ, ಕುಸ್ತಿಯ ಮೈಯವನು. ಚೆನ್ನಾಗಿ ಇಂಗ್ಲಿಷು ಬಲ್ಲವನ ಬಾಯಲ್ಲಿ ಬಿಳಿಯ ಟಾಡ್ ಬಿಟ್ಟುಹೋದ ಮುರಿದ ಇಂಗ್ಲಿಷನ್ನೇ 1957ರ ತನಕ ತುರುಕಿದರು. ಹೊಟ್ಟೆಪಾಡು. ಆಡಿದ. ಅದಾದ ಎಷ್ಟೋ ವರ್ಷಕ್ಕೆ, 1969ರಲ್ಲಿ, ಜಾನಿ ಕಾರ್ಸನ್‌ನ ರಾತ್ರಿಯ ಕಾರ್ಯಕ್ರಮದಲ್ಲಿ ಅವನು ಟೊಂಟೊ ವೇಷದಲ್ಲೇ ಬಂದು ಕೂತ. ಕೆಲಸ ಹುಡುಕಿಕೊಂಡು ಬಂದ ಟೊಂಟೊ. ಹಿಂದೆ ಏನು ಕೆಲಸ ಮಾಡಿದ್ದಿ ಎಂದರೆ, ಅದೇ ಮುರಿದ ಮಾತಿನಲ್ಲಿ ಒಂದೊಂದಾಗಿ ಎಣಿಸುತ್ತಾನೆ: ಧಣಿಗೆ ಬೇಟೆ ಆಡಿದ್ದು, ಮೀನು ಹಿಡಿದದ್ದು, ಅಡಿಗೆ ಮಾಡಿದ್ದು, ಬಟ್ಟೆ ಹೊಲಿದದ್ದು, ಕಸ ಹೊಡೆದದ್ದು, ರಾತ್ರಿ ನಿದ್ದೆಗೆಟ್ಟು ಶತ್ರುವಿನ ಸದ್ದು ಕಾದದ್ದು, ಜೀವ ಒತ್ತೆ ಇಟ್ಟದ್ದು. ಮೂವತ್ತು ವರ್ಷ. ಆ ‘ಮೂವತ್ತು ವರ್ಷ’ ಅನ್ನುವಾಗ ಹಾಳಾದ ಮೂವತ್ತು ವರ್ಷ ಎಂಬ ಬೈಗುಳದ ರುಚಿ ಅದರಲ್ಲಿದೆ.

ಎದುರು ಕೂತವರು ಬಿದ್ದು ಬಿದ್ದು ನಕ್ಕರು. ನಾವು ಇದನ್ನು ಓದಿ ಹೇಳಿದಾಗ ನಮ್ಮ ಖಣಿಯ ಹಿರಿಯರು ಮೊದಲ ಸಲ ನಕ್ಕರು. ನಕ್ಕು, ‘ಇವಾ ಖರೇ ಮನಷ್ಯಾ’ ಅಂದರು. ಯಾಕೆ ಇದು ಉಳಿದೆಲ್ಲ ಅಣಕಗಳಿಗಿಂತ ದೊಡ್ಡದು? ಅವನು ವೀರನನ್ನು ಬೈಯಲಿಲ್ಲ, ಅವನ ದನಿ ಅಣಕಿಸಲಿಲ್ಲ. ವೀರ ಆ ರಂಗದಲ್ಲಿ ಇರಲೇ ಇಲ್ಲ. ಬರೀ ಕೆಲಸದ ಪಟ್ಟಿ ಓದಿದ. ಸಾಹಸಕತೆ ಅಂತ ನಾವು ಯಾವುದನ್ನು ಕೇಳಿದ್ದೆವೋ ಅದು ಕೂಲಿ ಕೊಡದ ಮನೆಗೆಲಸ ಎಂದು ಗೊತ್ತಾಯಿತು. ತನ್ನ ಮೇಲೆ ಹೇರಿದ ಮುರಿದ ಭಾಷೆಯನ್ನೇ ಲೆಕ್ಕದ ಪುಸ್ತಕ ಮಾಡಿಕೊಂಡ. ಇದು ಮಿಮಿಕ್ರಿಯಿಂದ ಬರುವ ವಿದ್ಯೆಯಲ್ಲ. ಇದೇ ಸಿಲ್ವರ್‌ಹೀಲ್ಸ್ ಲಾಸ್ ಏಂಜ಼ಲಿಸ್‌ನಲ್ಲಿ ತನ್ನ ಜನದ ಹುಡುಗರಿಗೆ ನಟನೆ ಕಲಿಸುವ ಒಂದು ಶಾಲೆಯನ್ನೂ ಕಟ್ಟಿದ. 1980ರಲ್ಲಿ ತೀರಿಕೊಂಡ. 2013ರ ಹೊಸ ‘ಲೋನ್ ರೇಂಜರ್’ ಸಿನಿಮಾದಲ್ಲಿ ಟೊಂಟೊ ಪಾತ್ರ ಹೋದದ್ದು ಜಾನಿ ಡೆಪ್ ಎಂಬ ಹಾಲಿವುಡ್ ತಾರೆಗೆ. ಅಷ್ಟರಮಟ್ಟಿಗೆ ಲೋಕ ಮುಂದುವರಿದಿದೆ!

ಈಗ ಸ್ಪಾರ್ಕ್ಸ್ ನೆವಾಡಾನ ಹತ್ತಿರ ಬರಬಹುದು. ಇದು ‘ಥ್ರಿಲ್ಲಿಂಗ್ ಅಡ್ವೆಂಚರ್ ಅವರ್’ ಎಂಬ ರಂಗಪ್ರಯೋಗದ ಒಂದು ಭಾಗ. 2005ರಿಂದ ಹತ್ತು ವರ್ಷ ಲಾಸ್ ಏಂಜ಼ಲಿಸ್‌ನಲ್ಲಿ ನಡೆಯಿತು, 2011ರಿಂದ ಪಾಡ್‌ಕಾಸ್ಟ್ ಆಗಿ ಲೋಕಕ್ಕೆಲ್ಲ ಕೇಳಿಸಿತು. ಬರೆದವರು ಬೆನ್ ಆಕರ್, ಬೆನ್ ಬ್ಲ್ಯಾಕರ್ ಎಂಬ ಜೋಡಿ. ನಟರು ಹಳೆಯ ರೇಡಿಯೊದವರಂತೆ ಅಂಗಿ ತೊಟ್ಟು, ಕೈಯಲ್ಲಿ ಕಾಗದ ಹಿಡಿದು, ಮೈಕಿನ ಮುಂದೆ ನಿಂತು ಓದುತ್ತಾರೆ. ಎದುರಿಗೆ ಜನ ಕೂತು ನಗುತ್ತಾರೆ. ಸ್ಪಾರ್ಕ್ಸ್‌ನ ದನಿ ಮಾರ್ಕ್ ಇವಾನ್ ಜಾಕ್ಸನ್, ಕ್ರೋಚ್‌ನ ದನಿ ಮಾರ್ಕ್ ಗಾಗ್ಲಿಯಾರ್ಡಿ.

ಒಳ್ಳೆಯದನ್ನು ಮೊದಲು ಹೇಳಬೇಕು. ಇಲ್ಲಿ ವ್ಯಾಕರಣ ತಿರುಗಿ ಬಿದ್ದಿದೆ. ಕ್ರೋಚ್ ತಪ್ಪಿಲ್ಲದೆ, ಅಳೆದು ತೂಗಿ, ದಸ್ತಾವೇಜು ಓದಿದ ಹಾಗೆ ಮಾತಾಡುತ್ತಾನೆ. ತಡವರಿಸುವವನು, ಗೊಣಗುವವನು, ಸಣ್ಣ ಮಾತಿಗೆ ಮುನಿಯುವವನು ನಾಯಕ. ನಾನು ಭೂಮಿಯವನು, ಭೂಮಿಯವನು ಎಂದು ಸಂದರ್ಭವಿಲ್ಲದೆ ಜಂಬ ಕೊಚ್ಚಿಕೊಳ್ಳುವ ಅವನ ಚಟ ನಮಗೆ ಬಹಳ ಹಿಡಿಸಿತು. ಬೇರೆಯವರ ನೆಲದಲ್ಲಿ ನಿಂತು ತನ್ನ ಹುಟ್ಟನ್ನೇ ಪದವಿಯಂತೆ ಎತ್ತಿ ಹಿಡಿಯುವವರನ್ನು ನಾವು ದಿನಾ ಕಾಣುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಋಣದ ಲೆಕ್ಕ. ಹಳೆಯ ಸಾಹಸಗಳಲ್ಲಿ ಸ್ನೇಹ, ನಿಷ್ಠೆ, ಮಾನವೀಯತೆ ಎಂಬ ಮೆತ್ತನೆಯ ಮಾತುಗಳ ಕೆಳಗೆ ಮುಚ್ಚಿದ್ದ ಸಂಬಂಧವನ್ನು ಈ ಅಣಕ ಬಿಚ್ಚಿ ತೋರಿಸುತ್ತದೆ. ಋಣ ಏರುತ್ತದೆ, ಇಳಿಯುತ್ತದೆ, ಕ್ರೋಚ್ ಅದನ್ನು ಬಾಯಿಬಿಟ್ಟು ಎಣಿಸುತ್ತಾನೆ. ಕೂತವರು ನಗುತ್ತಾರೆ. ಕಂತು ಮುಗಿಯುವ ಹೊತ್ತಿಗೆ ಋಣ ಮತ್ತೆ ಇದ್ದಲ್ಲೇ ಇರುತ್ತದೆ. ತೀರಿದರೆ ಮುಂದಿನ ಕಂತು ಹೇಗೆ ನಡೆಯಬೇಕು?

ಇಲ್ಲೇ ನಮ್ಮ ತಕರಾರು ಶುರುವಾಗುವುದು. ಅಸಲು ಕತೆಗೆ ವಾಪಸು ಹೋಗಿ ನೋಡಿ. ಆರು ಜನ ರೇಂಜರರನ್ನು ಕಳ್ಳರು ಕಣಿವೆಯಲ್ಲಿ ಹೊಂಚಿ ಹೊಡೆದಾಗ ಐವರು ಸತ್ತರು. ಉಳಿದ ಒಬ್ಬನನ್ನು ಎತ್ತಿ ತಂದು, ಗಾಯ ತೊಳೆದು, ಬದುಕಿಸಿದವನು ಟೊಂಟೊ. ಜೀವ ಉಳಿಸಿದವನು ಟೊಂಟೊ, ಉಳಿದವನು ವೀರ. ಹಾಗಾದರೆ ಋಣದಲ್ಲಿ ಇದ್ದವನು ಯಾರು? ಇದು ಕತೆ ಬರೆದವರಿಗೂ ಚುಚ್ಚಿರಬೇಕು. 1949ರ ದೂರದರ್ಶನದ ಮೊದಲ ಕಂತಿನಲ್ಲಿ ಒಂದು ಹಳೆಯ ಸಂಗತಿ ಸೇರಿಸಿದರು: ಬಾಲ್ಯದಲ್ಲಿ ಟೊಂಟೊ ಸಾಯುವ ಸ್ಥಿತಿಯಲ್ಲಿದ್ದಾಗ ಇದೇ ಬಿಳಿಯ ಅವನನ್ನು ಕಾಪಾಡಿದ್ದನಂತೆ. ಓದುತ್ತಿದ್ದ ಹಾಗೆ ನಮ್ಮ ಹಿರಿಯರು, ‘ನಿಮ್ಮಪ್ಪ ತಗೊಂಡಿದ್ದ ಅಂತ ಹಳೀ ಚೀಟಿ ತೆಗೀತಾರಲ್ಲ, ಅದೇ ಅದು’ ಅಂದರು. ಅದೇ ಅದು. ಸಾಹುಕಾರನ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಹಳೆಯ ಸಾಲ ಇರುತ್ತದೆ. ಸ್ಪಾರ್ಕ್ಸ್ ನೆವಾಡಾ ಬರೆದ ಜಾಣರು ಎಲ್ಲವನ್ನೂ ಅಣಕಿಸಿದರು, ಈ ಚೀಟಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ನಾಯಕ ಕ್ರೋಚ್‌ನ ಜೀವ ಉಳಿಸಿದ, ಆದ್ದರಿಂದ ಕ್ರೋಚ್ ದುಡಿಯುತ್ತಾನೆ. ಲೆಕ್ಕ ಬಹಿರಂಗವಾಯಿತು, ಆದರೆ ಜಮಾ ಖರ್ಚಿನ ಮನೆಗಳು ಅದಲುಬದಲಾದವು. ಚೀಟಿ ಇರಬೇಕಾದದ್ದು ಟೊಂಟೊನ ಹತ್ತಿರ, ಇರುವುದು ರೇಂಜರನ ಹತ್ತಿರ. ಹಿರಿಯರ ಪ್ರಶ್ನೆಗೆ ಉತ್ತರ ಇದು.

ನಾವು ಅತಿಯಾಗಿ ಎಳೆಯುತ್ತಿದ್ದೇವೆ, ನಗೆನಾಟಕದಲ್ಲಿ ಜೀತ ಹುಡುಕುತ್ತಿದ್ದೇವೆ ಎಂದು ಕೆಲವರು ಅನ್ನಬಹುದು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ದೇಶದ ಉದ್ದಗಲಕ್ಕೂ ಈ ಪದ್ಧತಿಗಿದ್ದ ಹೆಸರುಗಳ ಒಂದು ಪಟ್ಟಿ ಇದೆ. ನಿಜಾಮನ ಸೀಮೆಯ ‘ಭಗೇಲ’ ಇದೆ, ನಮ್ಮ ‘ಜೀತ’ ಇದೆ, ‘ಹೊಲ್ಯ’ ಎಂದೂ ಇದೆ. ‘ಸೇವಕ್’ ಎಂಬುದೂ ಇದೆ. ಒಂದು ಜಾತಿಯ ಹೆಸರು, ಒಂದು ನಿಷ್ಠೆಯ ಹೆಸರು, ಎರಡೂ ಒಂದೇ ಪಟ್ಟಿಯಲ್ಲಿ ಸಾಲದ ದುಡಿತದ ಹೆಸರಾಗಿ ಕೂತಿವೆ. ಇಂಥ ಪಟ್ಟಿ ಓದಿದವರಿಗೆ ‘ನಿಷ್ಠಾವಂತ ಸಂಗಾತಿ’ ಎಂಬ ಮಾತು ಯಾವ ದೇಶದ ರೇಡಿಯೊದಿಂದ ಬಂದರೂ ಕಿವಿ ನೆಟ್ಟಗಾಗುತ್ತದೆ.

ಕ್ರೋಚ್‌ನನ್ನು ಮಂಗಳ ಗ್ರಹದವನನ್ನಾಗಿ ಮಾಡಿದ್ದರ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಹುಡುಗರು ಅಂದರು, ಅದು ಒಳ್ಳೆಯದೇ ಆಯಿತು, ಯಾವ ನಿಜವಾದ ಜನವನ್ನೂ ಅಣಕಿಸಿದಂತಾಗಲಿಲ್ಲ. ಮಾಸ್ತರರಲ್ಲಿ ಒಬ್ಬರು ಅಂದರು, ನಿಜವಾದ ಜನ ಇಲ್ಲವೆಂದ ಮೇಲೆ ನಿಜವಾದ ಕೂಲಿಯನ್ನೂ ಯಾರೂ ಕೇಳುವುದಿಲ್ಲ. ಎರಡೂ ಸರಿಯಿರಬಹುದು. ಸಿಲ್ವರ್‌ಹೀಲ್ಸ್‌ನ ಪಟ್ಟಿ ಕೇಳಿದ ಮೇಲೆ ಕ್ರೋಚ್‌ನ ಲೆಕ್ಕ ಸಿಹಿಯಾಗಿ ಕೇಳಿಸುತ್ತದೆ. ಇಷ್ಟನ್ನು ಎಲ್ಲರೂ ಒಪ್ಪಿದೆವು.

ನಮ್ಮ ಕಡೆಯ ಒಂದು ಹೊಸ ಅಣಕದ ಬಗ್ಗೆ ಹೇಳದೆ ಇದನ್ನು ಮುಗಿಸಲಾಗದು. ಇಂಗ್ಲಿಷ್ ಸಾಹಸ ಸಿನಿಮಾದ ತುಣುಕು, ಕಾರ್ಟೂನಿನ ತುಣುಕು ತೆಗೆದುಕೊಂಡು ಅದಕ್ಕೆ ಉತ್ತರ ಕರ್ನಾಟಕದ ಮಾತು ಕೂಡಿಸಿ ಮೊಬೈಲಿನಲ್ಲಿ ಹರಿಬಿಡುವ ಹುಡುಗರು ಎಷ್ಟೋ ಮಂದಿ ಇದ್ದಾರೆ. ಚಿತ್ರ ಪರದೇಶದ್ದು, ದನಿ ನಮ್ಮದು. ಅರ್ಧಕ್ಕರ್ಧ ಅದು ರೇಡಿಯೊ ನಾಟಕವೇ. ಬಂದೂಕು ಹಿಡಿದ ಬಿಳಿಯ ವೀರ ‘ರೊಟ್ಟಿ ಉಂಡಿಯೇನ್ಲೇ’ ಅನ್ನುತ್ತಾನೆ. ಇದು ನಮ್ಮನ್ನು ನಗಿಸುತ್ತದೆ. ಬೆಂಗಳೂರಿನವರನ್ನೂ ನಗಿಸುತ್ತದೆ. ಎರಡು ನಗು ಒಂದೇನು? ರೇಡಿಯೊ, ಕಂಪನಿ ನಾಟಕ, ಸಿನಿಮಾ ಎಲ್ಲೆಲ್ಲೂ ರಾಜನಿಗೆ, ಡಾಕ್ಟರಿಗೆ, ಪ್ರೇಮಿಗೆ ಪುಸ್ತಕದ ಕನ್ನಡ ಕೊಟ್ಟು, ‘ಬರ್ಲಕತ್ತೀನಿ, ಹೋಗ್ಲಕತ್ತೀನಿ’ ಎಂಬ ನಮ್ಮ ಕನ್ನಡವನ್ನು ಆಳಿನ ಬಾಯಿಗೆ, ಕೋಡಂಗಿಯ ಬಾಯಿಗೆ ಮೀಸಲಿಟ್ಟದ್ದನ್ನು ಕೇಳಿಯೇ ನಾವು ದೊಡ್ಡವರಾದೆವು. ಮಳಖೇಡ ಇಲ್ಲಿಂದ ದೂರವಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ರಾಜಧಾನಿ ಅದು. ಆ ಸೀಮೆಯ ಮಾತು ಇವತ್ತು ಬಾಯಿ ತೆರೆದರೆ ಸಾಕು, ಕೆಲವರಿಗೆ ನಗು ಬರುತ್ತದೆ. ನಮ್ಮ ಮಾತೇ ನಗೆಗೆ ಕಾರಣವಾದರೆ ಅದು ಗೂನ್ ಷೋದ ಲಾಲ್‌ಕಾಕಾ. ಆ ಬಂದೂಕಿನವನ ಬಿಂಕ ನಮ್ಮ ಮಾತಿಗೆ ಸಿಕ್ಕು ಕರಗಿದ್ದು ನಗೆಗೆ ಕಾರಣವಾದರೆ ಅದು ನಮ್ಮ ಸಾರಥಿ. ಒಂದೇ ತುಣುಕಿನಲ್ಲಿ ಎರಡೂ ಇರುತ್ತವೆ. ಮಾಡುವ ಹುಡುಗರು ಯಾವುದರ ಕಡೆಗೆ ಒಲಿಯುತ್ತಾರೆ ಎಂಬುದನ್ನು ನೋಡುತ್ತಿದ್ದೇವೆ. ಹೆಚ್ಚು ನೋಡಿದಷ್ಟು ಹೆಚ್ಚು ದುಡ್ಡು ಎಂಬ ಲೆಕ್ಕ ಬಂದ ಮೇಲೆ ಕೋಡಂಗಿಯ ಕಡೆಗೇ ತಕ್ಕಡಿ ಜಗ್ಗುವುದನ್ನೂ ಕಂಡಿದ್ದೇವೆ.

ನಮ್ಮ ಹುಡುಗರಿಗೂ ಒಂದು ಹುಕಿ ಬಂದಿದೆ. ಮೊಬೈಲಿನಲ್ಲೇ ಒಂದು ಕೇಳುನಾಟಕ ಮಾಡುವುದು. ಮುಖವಾಡದ ವೀರ ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದು, ಚಿತ್ತಾಪುರ, ಸೇಡಂ ದಾಟಿ ಸುಲೇಪೇಟಕ್ಕೆ ಬರುತ್ತಾನೆ. ಎದುರಿಗೆ ಸಾರಥಿ ನಿಂತು ತಾವು ಯಾರು ಎಂದು ಕೇಳುತ್ತಾನೆ. ಅಲ್ಲಿಂದ ಮುಂದೆ ಪ್ರಶ್ನೆ ನಿಲ್ಲುವುದೇ ಇಲ್ಲ. ಕುದುರೆ ಮೇಸಿದವನ ಕೂಲಿ ಎಷ್ಟು, ಬೆಳ್ಳಿಯ ಗುಂಡು ಎರಕ ಹೊಯ್ದವರು ಯಾರು, ರಾತ್ರಿ ಕಾವಲಿಗೆ ದಿನಕ್ಕೆ ಏನು ಬಿತ್ತು. ಸಾರಥಿಯ ಪಾತ್ರಕ್ಕೆ ಐದು ಮಂದಿ ತಯಾರಿದ್ದಾರೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಕುದುರೆಯ ಸದ್ದಿಗೆ ತೆಂಗಿನ ಚಿಪ್ಪು ಸಿಕ್ಕಿದೆ. ವೀರನ ಪಾತ್ರಕ್ಕೆ ಮಾತ್ರ ಯಾರೂ ಒಪ್ಪವಲ್ಲರು. ‘ಅವನಿಗಿ ಮಾತೇ ಇಲ್ಲಲ್ರಿ ಸರ, ಬರೀ ಲೆಕ್ಕ ಕೊಡೋದೇ ಆತು’ ಅನ್ನುತ್ತಾರೆ. ಕೊನೆಗೆ ಖಣಿಯ ಹಿರಿಯರು ನಾನೇ ಮಾಡ್ತೀನಿ ತಗೋರಿ ಅಂದಿದ್ದಾರೆ. ಆದರೆ ಮುಖವಾಡ ಕಟ್ಟಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಕೇಳುನಾಟಕಕ್ಕೆ ಮುಖವಾಡ ಬೇಕಾಗುವುದಿಲ್ಲ ಎಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ.